ಹೊಳೆಯ ನಡುವೆ ಎಣ್ಣೆ ಹಚ್ಚಿಸಿಕೊಂಡವರು

ಮೆಲ್ವಿನ್, ರೀನಾ, ಸೋನಿ, ಮೂವರಿಗೂ ಸೇರಿಸಿ ಬರೆಯುತ್ತಿದ್ದೇನೆ. ರೀನಾ ನರ್ಸಿಂಗ್ ಕಲಿಯಲು ಹೊರಟ ದಿನ ಚಪ್ಪಲಿ ಮೆಟ್ಟುತ್ತಾ ಕೇಳಿದಳು, "ಅಜ್ಜಿ, ನೀನೂ ಹುಷಾರಿಲ್ಲದವ್ರ ಕೆಲಸವೇ ಮಾಡಿದ್ದಂತಲ್ಲ, ಎಂತ ಮಾಡ್ತಿದ್ದೆ?" ನಾನು "ಎಂತ ಇಲ್ಲ, ಹೋಗಿ ಕೂರ್ತಿದ್ದೆ" ಎಂದು ಒಳಗೆ ಹೋದೆ. ಎದುರಿಗೆ ಕೂತು ಹೇಳುವುದು ನನಗೆ ಈ ವಯಸ್ಸಿಗೂ ಬರುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ಮೆಲ್ವಿನನ ಹಳೆಯ ನೋಟುಪುಸ್ತಕದಲ್ಲಿ ಉಳಿದ ಹಾಳೆಗಳನ್ನು ತೆಗೆದುಕೊಂಡಿದ್ದೇನೆ. ನಾನು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ನಗುವುದಾದರೆ ಅಕ್ಷರಕ್ಕಲ್ಲ, ಮುಂದಿನ ಸಂಗತಿಗಳಿಗೆ ನಗಿ.

ನಿಮ್ಮ ಅಜ್ಜ ಜ್ವರ ಬಂದು ಮಲಗಿದ್ದು ಹನ್ನೊಂದು ದಿನ. ನಮ್ಮ ಜಿಲ್ಲೆ ಮುಂಬಯಿ ಸರ್ಕಾರದಿಂದ ಮೈಸೂರಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಿಮ್ಮ ತಾಯಿಗೆ ಎರಡು ವರ್ಷ. ಆ ಹನ್ನೊಂದು ದಿನವೂ ಮನೆಯ ತುಂಬ ಜನ. ಬಂದವರೆಲ್ಲ ಒಂದೊಂದು ಮದ್ದು ಹೇಳಿದರು, ಆ ಮದ್ದಿನಿಂದ ಯಾರು ಬದುಕಿದರು, ಯಾರು ಸತ್ತರು ಎಂದು ಅವರೊಳಗೇ ವಾದ ಮಾಡಿದರು. ಅಜ್ಜ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಇವರನ್ನೆಲ್ಲ ಕಳ್ಸು, ನೀನೊಬ್ಳೇ ಸುಮ್ನೆ ಕೂತ್ಕೋ" ಎಂದರು. ನಾನು ನಾಚಿಕೆಯವಳು, ಯಾರನ್ನೂ ಕಳುಹಿಸಲಾಗಲಿಲ್ಲ. ಆದರೆ ಕೂತೆ.

ಅವರು ತೀರಿಕೊಂಡು ಮೂರು ತಿಂಗಳಾದ ಮೇಲೆ ಹೊನ್ನಾವರದ ಹಳೆಯ ಪಾದ್ರಿಗಳು ನನ್ನನ್ನು ಕರೆಸಿದರು.

"ಮೊನಿಕಾ, ನಿನ್ನ ಬಾಯಿ ಯಾವಾಗ್ಲೂ ಮುಚ್ಚೇ ಇರ್ತದೆ. ನಂಗೆ ಅಂಥವಳೇ ಬೇಕು."

ಕೆಲಸ ಹೀಗಿತ್ತು. ನಮ್ಮ ಕ್ರಿಸ್ತುವರ ಮನೆಗಳಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ಹೋಗಿ ನೋಡಿ ಬರುವುದು. ಅವರ ಹತ್ತಿರ ಕೂರುವುದು, ಗಂಜಿ ಕುಡಿಸುವವರಿಲ್ಲದಿದ್ದರೆ ಕುಡಿಸುವುದು, ಬಂದು ಪಾದ್ರಿಗಳಿಗೆ ತಿಳಿಸುವುದು. ತಿಂಗಳ ಮೊದಲ ಶುಕ್ರವಾರ ಅವರು ಪರಮಪ್ರಸಾದ ತೆಗೆದುಕೊಂಡು ಹೊರಟರೆ, ನಾನು ಬುಟ್ಟಿ ಹಿಡಿದು ಮುಂದೆ ಹೋಗಿ ಪ್ರತಿ ಮನೆಯಲ್ಲೂ ಒಂದು ಮೇಜು ಸಿದ್ಧ ಮಾಡಬೇಕು. ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಲೋಟದಲ್ಲಿ ನೀರು. ರೋಗಿ ಸಾಯುವ ಹಾಗಿದ್ದರೆ ಪವಿತ್ರ ಎಣ್ಣೆಯೂ ಬರುತ್ತದೆ. ಆಗ ಎಣ್ಣೆ ಒರೆಸಲು ಹತ್ತಿ, ಪಾದ್ರಿಗಳು ಬೆರಳು ತೊಳೆಯಲು ನಿಂಬೆಯ ತುಂಡು. ಹೊನ್ನಾವರ, ಕಾಸರಕೋಡ, ಮಾವಿನಕುರ್ವೆ ವಾರವಾರ. ಕುಮಟೆ ಮತ್ತು ಭಟ್ಕಳ ತಿಂಗಳಿಗೊಮ್ಮೆ ಬಸ್ಸಿನಲ್ಲಿ. ಪ್ರತಿಫಲವಾಗಿ ಇಗರ್ಜಿಯಿಂದ ಅಕ್ಕಿ, ತೆಂಗಿನಕಾಯಿ.

ರೋಗಿಗಳನ್ನು ನೋಡಲು ಹೋಗುವುದು ದಯೆಯ ಕೆಲಸಗಳಲ್ಲಿ ಒಂದು ಎಂದು ದೊತೊರ್ನಿನಲ್ಲಿ, ಎಂದರೆ ನಮ್ಮ ಧರ್ಮಪಾಠದಲ್ಲಿ, ಬಾಯಿಪಾಠ ಮಾಡಿದ್ದೆ. ರೋಗಿಗಳು ನಮ್ಮನ್ನು ಕಂಡರೆ ಓಡಿಹೋಗುತ್ತಾರೆ ಎಂದು ಅದರಲ್ಲಿ ಬರೆದಿರಲಿಲ್ಲ.

ನಮ್ಮ ಜನಕ್ಕೆ ಆಗ ಎಣ್ಣೆ ಎಂದರೆ ಸಾವು. ಪಾದ್ರಿ ಎಣ್ಣೆ ಹಚ್ಚಿದ ಮೇಲೆ ಮನೆಯವರು ಅಳಲು ಶುರು ಮಾಡುತ್ತಿದ್ದರು, ಪಕ್ಕದ ಮನೆಯವರು ಬಡಗಿಯ ಹತ್ತಿರ ಹಲಗೆ ಕೇಳಲು ಹೋಗುತ್ತಿದ್ದರು, ರೋಗಿಯೂ ಮರ್ಯಾದೆಗೆ ಅಂಜಿ ಸಾಯುತ್ತಿದ್ದ. ಆದ್ದರಿಂದ ನನ್ನ ಬುಟ್ಟಿ ಕೇರಿಯ ತುದಿಯಲ್ಲಿ ಕಂಡರೆ ಸಾಕು, ಹಾಸಿಗೆಯಲ್ಲಿದ್ದವರೆಲ್ಲ ಎದ್ದು ಕೂರುತ್ತಿದ್ದರು. ಕಾಸರಕೋಡಿನಲ್ಲಿ ನಾಲ್ಕು ದಿನದಿಂದ ಜ್ವರದಲ್ಲಿ ನಡುಗುತ್ತಿದ್ದ ಒಬ್ಬನು ನನ್ನನ್ನು ಕಂಡವನೇ ಹಿತ್ತಿಲಿನ ತೆಂಗಿನ ಮರ ಹತ್ತಿದ. ಮೇಲಿನಿಂದ, "ನಾನು ಅಡ್ಡಿಲ್ಲ ಮೊನಿಕಾಬಾಯಿ, ಗಟ್ಟಿ ಇದ್ದೇನೆ, ನೋಡು!" ಎಂದು ಒಂದು ಕಾಯಿಯನ್ನೂ ಕಿತ್ತುಹಾಕಿದ. ಕೆಳಗೆ ಇಳಿಯಲಿಲ್ಲ. ನಾನು ಹೊರಟುಹೋಗದೆ ಅವನು ಇಳಿಯುವುದಿಲ್ಲ ಎಂದು ಅವನ ಹೆಂಡತಿ ಹೇಳಿದ್ದರಿಂದ ಹೊರಟುಹೋದೆ. ಪಾದ್ರಿಗಳಿಗೆ "ಗುಣವಾಗಿದ್ದಾನೆ" ಎಂದು ವರದಿ ಮಾಡಿದೆ.

ನಾನು ಮಾಡಿದ ದೊಡ್ಡ ತಪ್ಪು ಮೊದಲ ವರ್ಷದ್ದೇ. "ಕಾಸರಕೋಡಿನ ಲೊರೆನ್ಸನಿಗೆ ಕಷ್ಟವಂತೆ, ಹೋಗಿ ಮೇಜು ಹಾಕು, ನಾನು ಎಣ್ಣೆ ತಕ್ಕೊಂಡು ಹಿಂದೆಯೇ ಬಂದೆ" ಎಂದರು ಪಾದ್ರಿಗಳು. ಕಾಸರಕೋಡಿನಲ್ಲಿ ಮೂವರು ಲೊರೆನ್ಸರಿದ್ದರು. ಯಾವ ಲೊರೆನ್ಸ ಎಂದು ಕೇಳಲು ನನಗೆ ನಾಚಿಕೆ. ತಾರಿಯ ದೋಣಿಯಲ್ಲಿ ಹೊಳೆ ದಾಟಿ, ನನಗೆ ಗೊತ್ತಿದ್ದ ಲೊರೆನ್ಸನ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಅವನು ಹೊಸಿಲ ಪಕ್ಕದಲ್ಲೇ ಚಾಪೆಯ ಮೇಲೆ ಬಾಯಿ ತೆರೆದು ಅಂಗಾತ ಬಿದ್ದಿದ್ದ. ನೋಡಿದರೆ ಕೊನೆಯ ಉಸಿರು ಎಳೆಯುತ್ತಿರುವ ಹಾಗೇ ಇತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಪಾಪ ಎನಿಸಿ ಮೇಜನ್ನು ತಲೆಯ ಹತ್ತಿರವೇ ಹಾಕಿ, ಬಿಳಿ ಬಟ್ಟೆ ಹಾಸಿ, ಎರಡೂ ಬತ್ತಿ ಹಚ್ಚಿ, ಶಿಲುಬೆಯನ್ನು ಎದೆಯ ಮೇಲಿಟ್ಟು ಮೊಣಕಾಲೂರಿದೆ.

ಅವನು ರಾತ್ರಿಯೆಲ್ಲ ಬಲೆ ಹಾಕಿ ಬಂದು ನಿದ್ದೆ ಮಾಡುತ್ತಿದ್ದ, ಅಷ್ಟೇ.

ಬಾಗಿಲಲ್ಲಿ ನನ್ನ ಬುಟ್ಟಿ ಕಂಡು ಪಾದ್ರಿಗಳು ಒಳಗೆ ಬರುವುದಕ್ಕೂ, ಅವನ ಹೆಂಡತಿ ಕತ್ರಿನ್ ಮೀನು ಒಣಗಿಸುವಲ್ಲಿಂದ ಬರುವುದಕ್ಕೂ, ಅವನು ಕಣ್ಣು ಬಿಡುವುದಕ್ಕೂ ಸರಿಹೋಯಿತು. ತಲೆಯ ಹತ್ತಿರ ಎರಡು ಬತ್ತಿ, ಎದೆಯ ಮೇಲೆ ಶಿಲುಬೆ, ಮುಂದೆ ಪಾದ್ರಿ. ಲೊರೆನ್ಸ ತಾನು ಹೋಗುತ್ತಿದ್ದೇನೆ ಎಂದೇ ತಿಳಿದ.

"ಪಾದ್ರ್ಯಾಬ್, ಹೇಳಿಬಿಡ್ತೆ! ಮಾವ ಕೊಟ್ಟ ಹಂದಿಮರಿ ಕಳ್ದು ಹೋಗ್ಲಿಲ್ಲ! ನಾನೇ ಮಾರಿದ್ದು!"

"ಎಂತ ಹೇಳ್ದೆ?" ಎಂದಳು ಬಾಗಿಲಲ್ಲಿದ್ದ ಕತ್ರಿನ್.

"ಸುಮ್ನಿರು, ಸುಮ್ನಿರು, ಇನ್ನೂ ಶುರುವಾಗಲಿಲ್ಲ," ಎಂದು ಪಾದ್ರಿಗಳು ಚೀಲದಿಂದ ಪಾಪನಿವೇದನೆ ಕೇಳುವಾಗ ಹಾಕುವ ಪಟ್ಟಿಯನ್ನು ಎಳೆದು ಕುತ್ತಿಗೆಗೆ ಹಾಕಿಕೊಳ್ಳುವಷ್ಟರಲ್ಲಿ ಲೊರೆನ್ಸ ಇನ್ನೂ ಎರಡು ಸಂಗತಿ ಹೇಳಿ ಮುಗಿಸಿದ್ದ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಹೇಳಬಾರದು ಎಂಬುದು ನಿಮಗೆ ಗೊತ್ತು. ಆದರೆ ಪಟ್ಟಿ ಹಾಕುವ ಮುಂಚೆ, ನೆರೆಮನೆಗೂ ಕೇಳುವ ಹಾಗೆ ಕೂಗಿದ್ದು ಪಾಪನಿವೇದನೆ ಆಗುತ್ತದೋ ಇಲ್ಲವೋ ಎಂದು ಕತ್ರಿನ್ ಅಲ್ಲೇ ಕೇಳಿದಳು. ಪಾದ್ರಿಗಳು ಸ್ವಲ್ಪ ಯೋಚಿಸಿ, ಆಗುವುದಿಲ್ಲ ಎಂದರು. ಅವಳು ಪೊರಕೆ ತೆಗೆದುಕೊಂಡಳು. ನಾವು ನಿಜವಾದ ಲೊರೆನ್ಸನ ಮನೆಗೆ ಓಡಿದೆವು. ಅವನು ನಾವು ಬರುವ ಸುದ್ದಿ ಕೇಳಿ ಎದ್ದು ಗಂಜಿ ಉಣ್ಣುತ್ತಿದ್ದ.

ಮರಳುವಾಗ ದೋಣಿಯಲ್ಲಿ ಪಾದ್ರಿಗಳು, "ಮೊನಿಕಾ, ಸುಮ್ಮನಿರುವುದು ಬೇರೆ, ಕೇಳದೆ ಇರುವುದು ಬೇರೆ" ಎಂದರು. ಅಷ್ಟೇ ಬೈದದ್ದು. ರೀನಾ, ನೀನು ಇದನ್ನು ನೆನಪಿಡು. ಹೆಸರು ಕೇಳಿದರೆ ಸಾಲದು, ಯಾರ ಮಗ ಎಂದೂ ಕೇಳಬೇಕು.

ಭಟ್ಕಳದಲ್ಲಿ ಮಿಂಗೆಲ್ ಎಂಬ ಮುದಿ ದರ್ಜಿ ಒಬ್ಬನೇ ಇದ್ದ. ಕ್ಷಯ. ಅವನ ಹತ್ತಿರ ಕೂರಲು ಯಾರೂ ಇರಲಿಕ್ಕಿಲ್ಲ ಎಂದು ಮೊದಲ ಸಲ ಬಸ್ಸಿಳಿದು ಹೋದರೆ, ಪಕ್ಕದ ಮನೆಯ ಖತೀಜಾಬೀ ಎಂಬವರು ಅವನಿಗೆ ಗಂಜಿ ತಂದಿದ್ದರು. ನಾವಿಬ್ಬರೂ ಅವನ ಎರಡು ಪಕ್ಕದಲ್ಲಿ ಕೂತೆವು. ಬಹಳ ಹೊತ್ತಿನ ಮೇಲೆ ಅವರು ಕೇಳಿದರು, "ನೀನು ಎಷ್ಟು ದೂರದಿಂದ ಬಂದಿ?"

"ಹೊನ್ನಾವರ."

"ಎಂತಕ್ಕೆ?"

"ನೋಡ್ಲಿಕ್ಕೆ."

"ಬರೇ ನೋಡ್ಲಿಕ್ಕೆ?"

"ಹೌದು."

"ಆತು. ನಮ್ಮಲ್ಲೂ ಅದು ಪುಣ್ಯವೇ," ಎಂದರು. ಮತ್ತೆ ಇಬ್ಬರೂ ಸುಮ್ಮನಾದೆವು. ಕೊನೆಗೆ ಮಿಂಗೆಲನೇ ಎದ್ದು ಕೂತು, "ಒಬ್ರಾದ್ರೂ ಮಾತಾಡಿ ಮಾರಾಯ್ರೆ, ಇಲ್ಲಿ ಸತ್ತವ್ರು ಯಾರು ಅಂತ ನಂಗೇ ಸಂಶಯ ಬರ್ತದೆ!" ಎಂದು ಬೈದ. ಸುಮ್ಮನೆ ಕೂರುವುದು ಎಲ್ಲರಿಗೂ ಹಿಡಿಸುವುದಿಲ್ಲ ಎಂದು ನಾನು ಕಲಿತದ್ದು ಅಲ್ಲಿ.

ಆಮೇಲೆ ಹೊಸ ಪಾದ್ರಿಗಳು ಬಂದರು. ತರುಣರು, ಉದ್ದ ಕಾಲು, ಸೈಕಲ್ಲು. ಅವರ ಜೊತೆಗೆ ರೋಮಿನಿಂದ ಹೊಸ ಪದ್ಧತಿಗಳೂ ಬಂದವು. ಪೂಜೆಯಲ್ಲಿ ಲ್ಯಾಟಿನ್ ಹೋಗಿ ನಮ್ಮ ಮಾತು ಬಂತು. ಕುಮಟೆಯ ಒಬ್ಬ ಅಜ್ಜಿ ಹಾಸಿಗೆಯಲ್ಲೇ ಮುಖ ತಿರುಗಿಸಿದಳು. "ಮೊದ್ಲು ಪಾದ್ರಿ ಹೇಳುದು ನಂಗೆ ತಿಳೀತಿರ್ಲಿಲ್ಲ, ದೇವ್ರಿಗೆ ತಿಳೀತಿತ್ತು. ಈಗ ನಂಗೆ ತಿಳೀತದೆ. ದೇವ್ರಿಗೆ ತಿಳೀತದೆ ಅಂತ ಎಂತ ಖಾತ್ರಿ?" ಹೊಸ ಪಾದ್ರಿಗಳು ಅವಳಿಗೆ ಲ್ಯಾಟಿನಿನಲ್ಲೇ ಹೇಳಿ ಬಂದರು.

ಅವರು ತಂದ ದೊಡ್ಡ ಬದಲಾವಣೆ ಎಣ್ಣೆಯದು. ಎಣ್ಣೆ ಸಾಯುವವರಿಗೆ ಮಾತ್ರ ಅಲ್ಲ, ರೋಗಿಗಳಿಗೆ ಬಲ ಕೊಡಲಿಕ್ಕೆ ಎಂದು ಪ್ರಸಂಗದಲ್ಲಿ ಹೇಳಿದರು. ಜನ ತಲೆದೂಗಿ ಕೇಳಿದರು, ನಂಬಲಿಲ್ಲ. ಎಲ್ಲರಿಗಿಂತ ಕಡಿಮೆ ನಂಬಿದವರು ಇಬ್ಬರು ಮುದುಕರು. ನಾನು ಈ ಪುಸ್ತಕ ಹಿಡಿದದ್ದೇ ಅವರ ಸಲುವಾಗಿ.

ಒಬ್ಬರು ಮಾವಿನಕುರ್ವೆಯ ಪೆದ್ರುಮಾಮ, ದೋಣಿ ಕಟ್ಟುವ ಬಡಗಿ. ಇನ್ನೊಬ್ಬರು ಹೊಳೆಯ ಆಚೆ ದಡದ ಕಾಸರಕೋಡಿನ ಜಾಕಿಮಾಮ, ಮೀನುಗಾರ. ಹುಡುಗರಾಗಿದ್ದಾಗ ಒಂದೇ ಬಟ್ಟಲಿನಲ್ಲಿ ಉಂಡವರಂತೆ. ಪೆದ್ರುಮಾಮ ಜಾಕಿಮಾಮನಿಗೆ ಒಂದು ದೋಣಿ ಕಟ್ಟಿಕೊಟ್ಟರು. ಅದು ಎಡಕ್ಕೆ ವಾಲುತ್ತದೆ ಎಂದು ಜಾಕಿಮಾಮ ಇಗರ್ಜಿಯ ಹಬ್ಬದ ದಿನ ಎಲ್ಲರೆದುರು ಹೇಳಿದರು. ದೋಣಿ ಸರಿಯಿದೆ, ಕೂತವನ ತಲೆ ಎಡಕ್ಕೆ ವಾಲಿದೆ ಎಂದರು ಪೆದ್ರುಮಾಮ. ಅವತ್ತಿನಿಂದ ಹದಿನೆಂಟು ವರ್ಷ ಮಾತಿಲ್ಲ. ಜಾಕಿಮಾಮ ಆ ದೋಣಿಯನ್ನು ರಿಪೇರಿಯೂ ಮಾಡಿಸಲಿಲ್ಲ, ಮಾರಲೂ ಇಲ್ಲ. ಸಾಕ್ಷಿ ನಾಶವಾಗಬಾರದು ಎಂದು ಅದರಲ್ಲೇ ಓರೆಯಾಗಿ ಕೂತು ಹದಿನೆಂಟು ವರ್ಷ ಮೀನು ಹಿಡಿದರು.

ಈಗ ಇಬ್ಬರೂ ಹಾಸಿಗೆ ಹಿಡಿದಿದ್ದರು. ಪೆದ್ರುಮಾಮನಿಗೆ ಕಾಲಲ್ಲಿ ನೀರು ತುಂಬಿತ್ತು, ಜಾಕಿಮಾಮನಿಗೆ ಉಬ್ಬಸ. ಹೊನ್ನಾವರದ ಡಾಕ್ಟರು ಇಬ್ಬರ ಮನೆಯಲ್ಲೂ, ಮುಂದಿನ ಮಳೆಗಾಲ ದಾಟುವುದು ಕಷ್ಟ ಎಂದಿದ್ದರು. ನಾನು ಮಂಗಳವಾರ ಪೆದ್ರುಮಾಮನ ಹತ್ತಿರ, ಗುರುವಾರ ಜಾಕಿಮಾಮನ ಹತ್ತಿರ. ಇಬ್ಬರಿಗೂ ನನ್ನಿಂದ ಬೇಕಾದದ್ದು ಒಂದೇ.

"ಅಂವ ಹೇಗಿದ್ದಾನೆ?" ಎನ್ನುವರು ಪೆದ್ರುಮಾಮ.

ನಾನು ಏನು ಹೇಳಲಿ ಎಂದು ಸುಮ್ಮನಿದ್ದರೆ, "ಸುಮ್ನಿದ್ಯಲ್ಲ, ಹಾಗಾದ್ರೆ ಕಾಯಿಲೆ ಜೋರಾಗಿದೆ. ನಂಗಿಂತ ಮೊದ್ಲು ಹೋಗ್ತಾನೆ" ಎಂದು ಆ ದಿನ ಎರಡು ತುತ್ತು ಹೆಚ್ಚು ಉಣ್ಣುವರು. "ಗುಣ ಅದೆ" ಎಂದು ಹೇಳಿದ ದಿನ ಊಟವೇ ಬೇಡ. ಗುರುವಾರ ಕಾಸರಕೋಡಿನಲ್ಲೂ ಇದೇ ನಾಟಕ. ಸುಳ್ಳು ಹೇಳದೆ ಇಬ್ಬರಿಗೂ ಊಟ ಮಾಡಿಸುವುದು ಹೇಗೆ ಎಂದು ದೋಣಿಯಲ್ಲಿ ಕೂತು ಯೋಚಿಸುತ್ತಿದ್ದೆ.

ಎಣ್ಣೆಯ ಮಾತೆತ್ತಿದರೆ ಇಬ್ಬರದೂ ಒಂದೇ ಉತ್ತರ, "ಮೊದ್ಲು ಅವ್ನಿಗೆ." ಜಾಕಿಮಾಮ ಕಾರಣವನ್ನೂ ಬಿಡಿಸಿ ಹೇಳಿದರು. "ನಾನು ಮೊದ್ಲು ಹಚ್ಚಿಸ್ಕೊಂಡ್ರೆ ನಾನು ಮೊದ್ಲು ಸಾಯ್ತೆ. ಸತ್ತವ್ನ ಬಾಯಿ ಮುಚ್ಕೊಳ್ತದೆ. ಆಮೇಲೆ ಅಂವ ಊರೆಲ್ಲ ದೋಣಿ ನೆಟ್ಟಗೇ ಇತ್ತು ಅಂತ ಹೇಳ್ತಾ ತಿರುಗ್ತಾನೆ. ಇಲ್ಲ ಅನ್ನುಕೆ ಯಾರಿದ್ದಾರೆ?"

ನಗು ಬರುತ್ತದಲ್ಲವೇ? ನನಗೆ ಆಗ ಬರಲಿಲ್ಲ. ಇಬ್ಬರೂ ಒಳ್ಳೆಯವರು, ದೇವರಿಗೆ ಅಂಜುವವರು. ಪಾಪನಿವೇದನೆ ಇಲ್ಲದೆ, ಒಬ್ಬರ ಮೇಲೊಬ್ಬರು ಹದಿನೆಂಟು ವರ್ಷದ ಸಿಟ್ಟು ಇಟ್ಟುಕೊಂಡೇ ಹೋಗುತ್ತಾರಲ್ಲ ಎಂದು ನನಗೆ ಚಿಂತೆ. ಮಳೆಗಾಲಕ್ಕೆ ಎರಡು ತಿಂಗಳು ಉಳಿದಿತ್ತು.

ಹೊಸ ಪಾದ್ರಿಗಳು ಜಗಲಿಯಲ್ಲಿ ತಲೆಯ ಮೇಲೆ ಕೈಯಿಟ್ಟು ಕೂತಿದ್ದರು. "ಒಂದೇ ಹೊತ್ತಿಗೆ ಇಬ್ಬರಿಗೂ ಹಚ್ಚಿದ್ರೆ ಮುಗೀತಿತ್ತು. ಅವ್ನು ಇವ್ನ ಊರಿಗೆ ಬರುದಿಲ್ಲ, ಇವ್ನು ಅವ್ನ ಊರಿಗೆ ಹೋಗುದಿಲ್ಲ. ನಾನೆಂತ ಎರಡು ಜನವಾ?"

ನನ್ನ ಬಾಯಿಂದ ಮಾತು ಹೇಗೆ ಹೊರಬಿತ್ತೋ ಗೊತ್ತಿಲ್ಲ. "ಹೊಳೆ ಯಾರ ಊರೂ ಅಲ್ಲ, ಪಾದ್ರ್ಯಾಬ್."

ಅವರು ನನ್ನನ್ನು ನೋಡಿದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಆದರೆ ಮಾತು ಹೊರಗೆ ಬಂದಾಗಿತ್ತು.

ಹೀಗೆ ಒಂದು ಬೆಳಿಗ್ಗೆ ಮಾವಿನಕುರ್ವೆಯಿಂದ ಒಂದು ದೋಣಿ, ಕಾಸರಕೋಡಿನಿಂದ ಒಂದು ದೋಣಿ ಹೊರಟವು. ಪೆದ್ರುಮಾಮನನ್ನು ಹಾಸಿಗೆ ಸಮೇತ ಅವರ ಅಳಿಯನ ದೋಣಿಯಲ್ಲಿ ಮಲಗಿಸಿದ್ದರು. ಜೊತೆಯಲ್ಲಿ ಪಾದ್ರಿಗಳು, ನಾನು, ನನ್ನ ಬುಟ್ಟಿ. ಜಾಕಿಮಾಮ ಬರುವುದಾದರೆ ತನ್ನ ದೋಣಿಯಲ್ಲೇ ಬರುವುದು ಎಂದು ಹಟ ಹಿಡಿದು, ಮಗನ ಕೈಯಲ್ಲಿ ಹುಟ್ಟು ಹಾಕಿಸಿಕೊಂಡು ಓರೆಯಾಗಿ ಕೂತು ಬಂದರು. ಹೊಳೆಯ ನಡುವೆ ಎರಡೂ ದೋಣಿಗಳನ್ನು ಹಗ್ಗದಿಂದ ಜೋಡಿಸಿ ಕಟ್ಟಿದರು. ನಾನು ಹಲಗೆಯ ಮೇಲೆ ಬಿಳಿ ಬಟ್ಟೆ ಹಾಸಿದೆ. ಬತ್ತಿಗಳು ಗಾಳಿಗೆ ನಿಲ್ಲಲಿಲ್ಲ.

ಪಾದ್ರಿಗಳು ಇಬ್ಬರ ಪಾಪನಿವೇದನೆಯನ್ನೂ ಬಾಯಿಗೆ ಕಿವಿಯಿಟ್ಟು ಕೇಳುವ ಮುಂಚೆ ಗಟ್ಟಿಯಾಗಿಯೇ ಕೇಳಿದರು. "ಪೆದ್ರು, ನಿನಗೆ ಯಾರ ಮೇಲಾದ್ರೂ ಸಿಟ್ಟುಂಟಾ?"

"ಯಾರ ಮೇಲೂ ಇಲ್ಲ."

"ಜಾಕಿಯ ಮೇಲೆ?"

"ಯಾವ ಜಾಕಿ?" ಎಂದರು ಪೆದ್ರುಮಾಮ. ಜಾಕಿಮಾಮನ ಮೊಣಕೈ ಅವರ ಮೊಣಕೈಗೆ ತಗಲುವಷ್ಟು ಹತ್ತಿರದಲ್ಲಿತ್ತು.

"ಮೊನಿಕಾಬಾಯಿ," ಎಂದರು ಜಾಕಿಮಾಮ, "ಅವ್ನಿಗೆ ಹೇಳು, ದೋಣಿ ಹಾಳುಮಾಡಿಸ್ಕೊಂಡ ಜಾಕಿ ಅಂತ."

ನಾನು ಹೇಳಿದೆ.

"ಅವ್ನಿಗೆ ಹೇಳು, ತಲೆ ವಾಲ್ಸ್ಕೊಂಡು ಕೂತ ಜಾಕಿಯಾದ್ರೆ ಗೊತ್ತು ಅಂತ."

ಅದನ್ನೂ ಹೇಳಿದೆ. ಹೀಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ತಿರುಗಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಇದು ಮುಗಿದರೆ ಮೊದಲು ಯಾರಿಗೆ ಎಂಬ ಜಗಳ. ಕೊನೆಗೆ ಪಾದ್ರಿಗಳು ಎದ್ದು ನಿಂತರು. ಎಡಗಾಲು ಒಂದು ದೋಣಿಯಲ್ಲಿ, ಬಲಗಾಲು ಇನ್ನೊಂದರಲ್ಲಿ. "ಎರಡು ಹೆಬ್ಬೆರಳಿಗೂ ಎಣ್ಣೆ ಮುಟ್ಟಿಸ್ಕೊಂಡು ಇಬ್ಬರ ಹಣೆಗೂ ಒಟ್ಟಿಗೆ ಹಚ್ತೇನೆ. ಆತಾ?"

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ನಮ್ಮ ಊರಿನಲ್ಲಿ ಸಣ್ಣ ಮಕ್ಕಳಿಗೂ ಹೇಳುತ್ತಾರೆ. ಪಾದ್ರಿಗಳ ಊರು ಘಟ್ಟದ ಮೇಲೆ. ಹಗ್ಗ ಸಡಿಲವಾಯಿತು, ದೋಣಿಗಳು ಮೆಲ್ಲಗೆ ದೂರ ಸರಿದವು, ಪಾದ್ರಿಗಳ ಉದ್ದ ಕಾಲುಗಳು ಇನ್ನೂ ಉದ್ದವಾದವು. ಎಣ್ಣೆಯ ಭರಣಿಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಅವರು ಹೊಳೆಗೆ ಬಿದ್ದರು.

ಮುಳುಗಲಿಲ್ಲ. ನೀರು ಮೊಣಕಾಲಿನಷ್ಟೇ ಇತ್ತು. ಈ ಜಗಳದಲ್ಲಿ ಇಳಿತ ಶುರುವಾದದ್ದನ್ನು ಯಾರೂ ನೋಡಿರಲಿಲ್ಲ. ಹೊಳೆಯ ಮೇಲೆಯೇ ಬೆಳೆದ ಅಳಿಯನೂ ನೋಡಿರಲಿಲ್ಲ, ಮಗನೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎರಡೂ ದೋಣಿಗಳು ಮರಳ ದಿಬ್ಬದ ಮೇಲೆ ಕೂತವು. ನಾಲ್ಕೂ ಜನ ಇಳಿದು ನೂಕಿದೆವು. ಅಲುಗಲಿಲ್ಲ. ಇನ್ನು ಉಬ್ಬರ ಬರುವವರೆಗೆ ಕಾಯಬೇಕು.

ಕಾದೆವು. ಬಿಸಿಲೇರಿತು. ಮುದುಕರ ತಲೆಯ ಮೇಲೆ ಬಿಳಿ ಬಟ್ಟೆಯನ್ನು ಹರಿದು ಒಂದೊಂದು ತುಂಡು ಹಾಕಿದೆ. ಅಳಿಯ ಮತ್ತು ಮಗ ಸುಮ್ಮನೆ ನಿಲ್ಲುವುದೇಕೆಂದು ಮರಳಿನಲ್ಲಿ ಬೆಳಚಿನ ಚಿಪ್ಪು ಹೆಕ್ಕಲು ಹೋದರು. ಪಾದ್ರಿಗಳು ಬೆಳಚು ಹೆಕ್ಕುವುದನ್ನು ಎಂದೂ ನೋಡಿದವರಲ್ಲ. ನಿಲುವಂಗಿ ಎತ್ತಿ ಕಟ್ಟಿಕೊಂಡು ಅವರೂ ಹೋದರು, ಒಂದೊಂದು ಚಿಪ್ಪು ಸಿಕ್ಕಿದಾಗಲೂ ಕೂಗುತ್ತಿದ್ದರು. ನಾನು ದೋಣಿಗಳಿಗೆ ಬೆನ್ನು ಹಾಕಿ ಸ್ವಲ್ಪ ದೂರದಲ್ಲಿ ಜಪಮಾಲೆ ಹಿಡಿದು ಕೂತೆ. ನಾನು ಹತ್ತಿರವಿದ್ದರೆ ಇಬ್ಬರೂ ನನ್ನ ಮೂಲಕವೇ ಬೈದುಕೊಳ್ಳುತ್ತಾರೆ. ನಾನಿಲ್ಲದಿದ್ದರೆ ಏನು ಮಾಡುತ್ತಾರೋ ಮಾಡಲಿ ಎಂದುಕೊಂಡೆ. ಇದನ್ನು ಇಂದಿನವರೆಗೂ ಯಾರಿಗೂ ಹೇಳಿರಲಿಲ್ಲ.

ಮೂರು ಸುತ್ತು ಜಪ ಮುಗಿಯುವವರೆಗೂ ಒಂದು ಮಾತಿಲ್ಲ. ನಾಲ್ಕನೆಯದರ ನಡುವೆ ಉಬ್ಬರದ ನೀರು ನನ್ನ ಸೀರೆಗೆ ತಗಲಿತು. ಎದ್ದು ತಿರುಗಿದೆ. ಜಾಕಿಮಾಮನ ದೋಣಿ ಮರಳಿನ ಮೇಲೆ ಎಡಕ್ಕೆ ಒರಗಿಕೊಂಡಿತ್ತು. ಅದು ತೇಲುವ ಮುಂಚೆಯೇ ನೀರು ಎಡಗಡೆಯ ಅಂಚಿನ ಮೇಲಿಂದ ಒಳಗೆ ಇಳಿಯುತ್ತಿತ್ತು. ಜಾಕಿಮಾಮನಿಗೆ ಉಬ್ಬಸ, ಕೂಗಲು ಉಸಿರಿಲ್ಲ. ಎರಡೂ ಕೈಯಿಂದ ಅಂಚು ಹಿಡಿದು ಕೂತಿದ್ದರು. ನಾನು ಓಡಿದೆ. ಒದ್ದೆ ಮರಳಿನಲ್ಲಿ ಕಾಲು ಹೂತು ಬಿದ್ದೆ.

ಆಗ ಹಾಸಿಗೆಯಲ್ಲಿ ಮಲಗಿದ್ದ ಪೆದ್ರುಮಾಮ ಮೊಣಕೈ ಊರಿ ಎದ್ದು ಕೂತು ಅರಚಿದರು.

"ಜಾಕಿ! ಬಲಕ್ಕೆ ಸರಿಯಾ! ಬಲಕ್ಕೆ! ಎಡಕ್ಕೆ ಭಾರ ಬಿದ್ರೆ ಅದು ಮಗುಚ್ತದೆ, ನಂಗೊತ್ತು, ನಾನೇ ಕಟ್ಟಿದ್ದು!"

ಜಾಕಿಮಾಮ ಬಲಕ್ಕೆ ಸರಿದರು. ದೋಣಿ ನಿಧಾನಕ್ಕೆ ನೆಟ್ಟಗಾಗಿ ಅಲುಗಾಡಿ ತೇಲಿತು. ನಾನು ಬಿದ್ದಲ್ಲೇ ಇದ್ದೆ.

"ಎಂತ ಹೇಳ್ದೆ?" ಎಂದರು ಜಾಕಿಮಾಮ. ಉಸಿರು ಕೂಡಿಸಿಕೊಂಡು ಮತ್ತೆ ಕೇಳಿದರು. "ಎಡಕ್ಕೆ ಎಂತಾಗ್ತದೆ ಅಂದೆ?"

"ಕಿವಿ ಕೇಳುದಿಲ್ವ ನಿಂಗೆ?"

"ಕೇಳ್ತದೆ. ಇನ್ನೊಂದ್ಸಲ ಹೇಳು. ಹದಿನೆಂಟು ವರ್ಷ ಕಾದಿದ್ದೆ ಮಾರಾಯ."

ಪೆದ್ರುಮಾಮ ಮರಳಿನ ಕಡೆ ನೋಡಿದರು, ಆಕಾಶದ ಕಡೆ ನೋಡಿದರು. "ಎಡದ ಹಲಗೆ ಹಸಿ ಇತ್ತು," ಎಂದರು. "ಕಟ್ಟುವಾಗ್ಲೇ ಗೊತ್ತಿತ್ತು. ನಿಂಗೆ ಅರ್ಜೆಂಟ್ ಇತ್ತಲ್ಲ, ಮೀನಿನ ಕಾಲ. ಒಣಗಿದ್ಮೇಲೆ ಸರಿಯಾದೀತು ಅಂದ್ಕೊಂಡೆ. ನೀನು ಎಲ್ಲರ ಎದ್ರಿಗೆ ಹೇಳಿಬಿಟ್ಟೆ."

"ನಿನ್ನ ಕಿವೀಲಿ ಹೇಳ್ಬೇಕಿತ್ತು ನಾನು."

"ಹೌದು, ಹೇಳ್ಬೇಕಿತ್ತು."

ಪಾದ್ರಿಗಳು ಅಂಗಿಯ ತುಂಬ ಬೆಳಚು ಹೊತ್ತು ಓಡಿಬಂದರು. ಬೆಳಚು ಕೆಳಗೆ ಸುರಿದು ಇಬ್ಬರ ಪಾಪನಿವೇದನೆಯನ್ನೂ ಕೇಳಿ ಮುಗಿಸಿದರು. ಇನ್ನು ಎಣ್ಣೆಯ ಸರದಿ. ಯಾರಿಗೆ ಮೊದಲು ಎಂದು ಕೇಳಲು ಅವರಿಗೆ ಧೈರ್ಯವಾಗಲಿಲ್ಲ. ಪೆದ್ರುಮಾಮನೇ ಹಣೆ ಮುಂದೆ ಮಾಡಿದರು. "ನಂಗೇ ಮೊದ್ಲು ಹಚ್ಚಿ. ಅಷ್ಟರಲ್ಲಿ ಅಂವ ದೋಣಿಯ ನೀರು ತೆಗೀಲಿ."

ಇಬ್ಬರೂ ಅಂದು ಸಾಯಲಿಲ್ಲ. ಆ ವಾರವೂ ಸಾಯಲಿಲ್ಲ. ಪೆದ್ರುಮಾಮನ ಕಾಲಿನ ಬಾವು ಇಳಿಯಿತು, ಜಾಕಿಮಾಮ ಮನೆಯಿಂದ ಹೊರಗೆ ಬಂದು ಕೂರತೊಡಗಿದರು. ಸುದ್ದಿ ಹಬ್ಬಿತು. ಇಷ್ಟು ವರ್ಷ ಎಣ್ಣೆ ಎಂದರೆ ಓಡುತ್ತಿದ್ದವರೆಲ್ಲ ಈಗ ಎಣ್ಣೆ ಬೇಕು ಎಂದು ಬಂದರು. ಅದೂ ಇಗರ್ಜಿಯಲ್ಲಿ ಬೇಡ, ಮನೆಯಲ್ಲಿ ಬೇಡ, ಹೊಳೆಯಲ್ಲೇ ಬೇಕು. ಗುಣ ಮಾಡುವುದು ಎಣ್ಣೆಯಲ್ಲ, ಜಾಗ ಎಂದು ಜನ ತೀರ್ಮಾನಿಸಿದ್ದರು. ಕುಮಟೆಯ ಆ ಲ್ಯಾಟಿನ್ ಅಜ್ಜಿ, ಪಾದ್ರಿಗಳು ಬಿದ್ದ ಜಾಗಕ್ಕೇ ತನ್ನನ್ನು ಕರೆದುಕೊಂಡು ಹೋಗಿ, ಅವರನ್ನು ಇನ್ನೊಮ್ಮೆ ಬೀಳಿಸಿ ಎಂದು ಹೇಳಿಕಳುಹಿಸಿದಳು. ಪಾದ್ರಿಗಳು ಎರಡು ಭಾನುವಾರ ಇದರ ಮೇಲೆ ಪ್ರಸಂಗ ಮಾಡಬೇಕಾಯಿತು. ನನ್ನ ಬುಟ್ಟಿ ಕಂಡರೆ ಜನ ಬಾಗಿಲಿಗೆ ಬಂದು ಕರೆಯತೊಡಗಿದರು. ನನಗೆ ಮೊದಲಿನದೇ ಸುಲಭವಿತ್ತು.

ಮಳೆಗಾಲ ಇಬ್ಬರೂ ದಾಟಿದರು. ಜಾಕಿಮಾಮ ಗಾಳಿಯಿಲ್ಲದ ದಿನಗಳಲ್ಲಿ ಮಗನ ಜೊತೆ ಮಾವಿನಕುರ್ವೆಗೆ ಬಂದು ಪೆದ್ರುಮಾಮನ ಹತ್ತಿರ ಕೂರುತ್ತಿದ್ದರು. ಅವರು ಬಂದ ಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಗಂಜಿ ಕುಡಿಸುವುದೂ ಅವರೇ, ಬೈಯುವುದೂ ಅವರೇ. ಎಡದ ಹಲಗೆಯನ್ನು ತೆಗೆದು ಬೇರೆ ಹಾಕಿಕೊಡುತ್ತೇನೆ, ಅಳಿಯನಿಗೆ ಹೇಳಿ ಮಾಡಿಸುತ್ತೇನೆ ಎಂದು ಪೆದ್ರುಮಾಮ ಎಷ್ಟೋ ಸಲ ಹೇಳಿದರು. "ಅಳಿಯ ಎಂತಕ್ಕೆ? ನೀನು ಎದ್ದು ಮಾಡು. ನಾನು ಕಾಯ್ತೆ," ಎನ್ನುತ್ತಿದ್ದರು ಜಾಕಿಮಾಮ.

ಕ್ರಿಸ್‌ಮಸ್ ಕಳೆದು ಎರಡು ವಾರಕ್ಕೆ, ಒಂದು ಬೆಳಿಗ್ಗೆ ಪೆದ್ರುಮಾಮ ತೀರಿಕೊಂಡರು. ನಾನು ಮತ್ತು ಜಾಕಿಮಾಮ ಎರಡು ಪಕ್ಕದಲ್ಲಿದ್ದೆವು. ಊರಿನವರು ಬಂದು ತುಂಬಿದಾಗ ಯಾರೋ ಜಾಕಿಮಾಮನನ್ನು ನಗಿಸಲೆಂದು, "ಕಡೆಗೂ ಕೊನೆಯ ಮಾತು ನಿಂದೇ ಆತು. ಹೇಳು, ಆ ದೋಣಿ ವಾಲ್ತಿತ್ತಾ ಇಲ್ವಾ?" ಎಂದರು. ಎಲ್ಲರೂ ಕಾದರು. ಜಾಕಿಮಾಮ ಪೆದ್ರುಮಾಮನ ಕಾಲಿನ ಮೇಲಿದ್ದ ಹೊದಿಕೆಯನ್ನು ಸರಿಮಾಡಿದರು.

"ದೋಣಿ ನೆಟ್ಟಗೇ ಇತ್ತು," ಎಂದರು. "ನಂಗೇ ಕೂರುಕೆ ಬರ್ತಿರ್ಲಿಲ್ಲ."

ಅದಾದ ಮೇಲೂ ಕಾಲು ಕೈಕೊಡುವವರೆಗೆ ಬಹಳ ವರ್ಷ ಈ ಕೆಲಸ ಮಾಡಿದೆ. ಆ ಬೆಳಿಗ್ಗೆ ನಾನು ಆ ಕೋಣೆಯಲ್ಲಿದ್ದೆ, ಸತ್ಯ ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಇಗರ್ಜಿಯ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ದಿನ ಎಣ್ಣೆ ಹಚ್ಚಿದ್ದು ಮಾತ್ರ ಬರೆದಿದೆ. ಊರಿನಲ್ಲಿ ಯಾರನ್ನು ಕೇಳಿದರೂ ಪೆದ್ರು ಕಟ್ಟಿದ ದೋಣಿ ನೆಟ್ಟಗಿತ್ತು ಎನ್ನುತ್ತಾರೆ, ಏಕೆಂದರೆ ಜಾಕಿಯೇ ಹಾಗೆ ಹೇಳಿದ. ಅದು ಹಾಗೆಯೇ ಇರಲಿ. ಮಕ್ಕಳೇ, ಈ ಹಾಳೆಗಳನ್ನು ಒರಲೆ ಹುಳು ಮುಟ್ಟದ ಕಡೆ ಇಡಿ, ನೀವು ಮೂವರೇ ಓದಿ, ಕಾಸರಕೋಡಿನಲ್ಲಿ ಯಾರ ಕೈಗೂ ಕೊಡಬೇಡಿ.